ಗಣಕದ ತೆರೆಯೂ ಮನೆಯ ಚಾವಡಿಯೂ

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಈ ಕಷ್ಟ ಗೊತ್ತು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಧಣಿಗಳ ಅಪ್ಪಣೆಯಾಗಬೇಕು. ನಾನು ಅಧ್ಯಾಪಕನಾಗಿ ಮಂಗಳೂರಿಗೆ ಬಂದ ಹೊಸತರಲ್ಲಿ ಇದ್ದ ಹಂಚಿನ ಮನೆಯಲ್ಲಿ ಪಂಚಾಂಗ ತೂಗುಹಾಕುವುದಕ್ಕೂ ಎಡೆಯಿರಲಿಲ್ಲ. ಹನ್ನೊಂದು ವರ್ಷ ಅದು ಅಕ್ಕಿಯ ಡಬ್ಬಿಗೆ ಒರಗಿಕೊಂಡೇ ಇತ್ತು. ಸ್ವಂತ ಮನೆಗೆ ಹೊಕ್ಕ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಚಾವಡಿಯ ಗೋಡೆಗೆ ಮೊಳೆ ಹೊಡೆದದ್ದು. ಮನೆಯವಳು ನಕ್ಕಳು. ನಗಲಿ. ಆ ಮೊಳೆಯ ಸುಖ ನನಗೆ ಗೊತ್ತು.

ಕಂಪ್ಯೂಟರಿನ ಎದುರು ನಾವು ಹೆಚ್ಚಿನವರು ಬಾಡಿಗೆಯವರಂತೆಯೇ ಕುಳಿತಿರುತ್ತೇವೆ. ಯಾರೋ ಇಟ್ಟ ಚಿತ್ರ, ಯಾರೋ ಆರಿಸಿದ ಬಣ್ಣ, ಯಾರೋ ನಿಶ್ಚಯಿಸಿದ ಅಕ್ಷರದ ಗಾತ್ರ. ಹೊಂದಿಕೊಳ್ಳಬೇಕಾದವರು ಮಾತ್ರ ನಾವು. ನಮ್ಮ ಶಾಲೆಯ ಆರು ಯಂತ್ರಗಳಲ್ಲಿಯೂ ಹಾಗೆಯೇ ಇತ್ತು. ಅವುಗಳಲ್ಲಿದ್ದ ವಿಂಡೋಸ್ ಹತ್ತಕ್ಕೆ ೨೦೨೫ರ ಅಕ್ಟೋಬರ್ ೧೪ರಿಂದ ತಯಾರಕರ ಉಚಿತವಾದ ಕಾವಲು ನಿಂತಿತು. ಹನ್ನೊಂದನೆಯದನ್ನು ಹಾಕೋಣವೆಂದರೆ ಯಂತ್ರಗಳು ಮುದಿಯಾಗಿದ್ದವು, ಅದಕ್ಕೆ ಬೇಕಾದ ಭದ್ರತಾ ಚಿಪ್ಪು ಅವುಗಳಲ್ಲಿ ಇಲ್ಲ. ಗುಜರಿಗೆ ಹಾಕುವುದೊಂದೇ ದಾರಿ ಎಂದುಕೊಂಡಿದ್ದಾಗ, ಆ ದಸರಾ ರಜೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಬಂದು ಆರಕ್ಕೂ ಲಿನಕ್ಸ್ ಹಾಕಿಕೊಟ್ಟ. ಹಾಕಿದ ಮೇಲೆ ಕೇಳಿದ: “ಮಾಷ್ಟ್ರೇ, ನಿಮಗೆ ಇದು ಹೇಗೆ ಕಾಣಬೇಕು?”

ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಯಂತ್ರದ ಎದುರು ಕುಳಿತವನನ್ನು ಹಾಗೆ ಯಾರೂ ಕೇಳಿದ್ದೇ ಇಲ್ಲವಷ್ಟೆ!

ಲಿನಕ್ಸ್ ಎಂದರೇನು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳುವುದು ಸುಲಭ. ಯಕ್ಷಗಾನದಲ್ಲಿ ಹಿಮ್ಮೇಳವೂ ಉಂಟು, ಮುಮ್ಮೇಳವೂ ಉಂಟು. ಭಾಗವತರು, ಚೆಂಡೆ, ಮದ್ದಳೆ ಹಿಂದೆ ಕುಳಿತು ಆಟವನ್ನು ನಡೆಸುತ್ತಾರೆ. ಜನರು ನೋಡುವುದು ಮುಂದಿನ ವೇಷವನ್ನು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಬರೆದು ಲೋಕಕ್ಕೆ ಕೊಟ್ಟದ್ದು ಆ ಹಿಮ್ಮೇಳದ ತಿರುಳು. ಕಣ್ಣಿಗೆ ಕಾಣುವ ತೆರೆಯನ್ನು ಕಟ್ಟಿದವರು ಬೇರೆ ಬೇರೆಯವರು. ಜರ್ಮನಿಯ ಮತಿಯಾಸ್ ಎಟ್ರಿಶ್ ೧೯೯೬ರಲ್ಲಿ ಕೆಡಿಇ ಎಂಬುದನ್ನು ಆರಂಭಿಸಿದರು; ಮರುವರ್ಷ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಎಂಬುದನ್ನು ಹೂಡಿದರು. ಹಿಮ್ಮೇಳ ಒಂದೇ, ವೇಷ ಬೇರೆ. ಬೇಕಾದರೆ ಇಂದು ತೆಂಕು, ನಾಳೆ ಬಡಗು. ವೇಷವೇ ಬೇಡ, ಬರಿಯ ಮಾತು ಸಾಕು ಎಂಬವರಿಗೆ ಕಪ್ಪು ತೆರೆಯ ಮೇಲೆ ಅಪ್ಪಣೆಗಳನ್ನು ಅಕ್ಷರಗಳಲ್ಲಿ ಬರೆಯುವ ಟರ್ಮಿನಲ್ ಉಂಟು. ಅದು ತಾಳಮದ್ದಳೆ.

ಈ ವೇಷದ ವಿಷಯದಲ್ಲಿ ದೊಡ್ಡ ಜಗಳವೂ ಆಗಿದೆ. ೨೦೧೧ರ ಏಪ್ರಿಲಿನಲ್ಲಿ ಗ್ನೋಮಿನ ಮೂರನೆಯ ಆವೃತ್ತಿ ಹೊರಟಾಗ ಅದನ್ನು ಕಟ್ಟಿದವರು ಹಳೆಯ ಪಟ್ಟಿ, ಹಳೆಯ ಮೆನು ಎಲ್ಲವನ್ನೂ ತೆಗೆದು ಹೊಸ ಕ್ರಮವನ್ನೇ ತಂದರು. ಬಳಸುವವರು ಎದ್ದು ನಿಂತರು. ನಿಮ್ಮ ಹೊಸತು ನಿಮಗಿರಲಿ ಎಂದು ಅರ್ಜೆಂಟೀನದ ಒಬ್ಬಾತ ಹಳೆಯದನ್ನೇ ಎತ್ತಿಕೊಂಡು ಹೋಗಿ ತನ್ನ ನಾಡಿನ ಕಷಾಯದ ಹೆಸರಿನಲ್ಲಿ ಅದಕ್ಕೆ ಮಾಟೆ ಎಂದು ನಾಮಕರಣ ಮಾಡಿದ. ಮಿಂಟ್ ಎಂಬ ಲಿನಕ್ಸಿನ ಪಂಗಡದವರು ಹೊಸತರ ತಳಹದಿಯ ಮೇಲೆಯೇ ಹಳೆಯ ರೂಪವನ್ನು ಕಟ್ಟಿ ಸಿನಮನ್ ಎಂದರು. ಪುದೀನ, ದಾಲ್ಚಿನ್ನಿ, ಕಷಾಯ—ಹೆಸರುಗಳೆಲ್ಲ ಅಡುಗೆಮನೆಯವು! ನಾನು ಈ ಜಗಳದಲ್ಲಿ ಬಳಸುವವರ ಪಕ್ಷ. ಆದರೆ ಕಟ್ಟಿದವರ ಮಾತನ್ನೂ ತಳ್ಳಿಹಾಕಲಾರೆ: ಒಂದು ಮನೆಗೆ ನೂರು ಬಾಗಿಲು ಇಟ್ಟರೆ ಚಿಲಕ ಹಾಕುವುದಕ್ಕೇ ಸಂಜೆಯಾಗುತ್ತದೆ. ಧಣಿ ಒಪ್ಪದಿದ್ದಾಗ ಮನೆಯ ನಕ್ಷೆಯನ್ನೇ ಕೊಂಡುಹೋಗಿ ಇನ್ನೊಂದು ಕಟ್ಟಿಕೊಳ್ಳುವ ಹಕ್ಕು ಇತ್ತಲ್ಲ, ನನಗೆ ದೊಡ್ಡದಾಗಿ ಕಂಡದ್ದು ಅದು.

ನಮ್ಮ ಶಾಲೆಯಲ್ಲಿರುವುದು ಈ ಪುದೀನ-ದಾಲ್ಚಿನ್ನಿಯ ಜೋಡಿ.

ಶಿಷ್ಯನ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ, “ಅಕ್ಷರ ಕಾಣಬೇಕು ಮಾರಾಯ” ಎಂದು. ಐವತ್ತು ದಾಟಿದ ಕಣ್ಣು ನೋಡಿ. ಆದರೆ ಇದು ಮುಪ್ಪಿನ ಮಾತು ಮಾತ್ರವಲ್ಲ. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಡೆಯುತ್ತದೆ. ಕನ್ನಡದ್ದು ಕೆಳಗೂ ಇಳಿಯುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಟಕಾರ, ಅದರ ಬದಿಗೆ ರಕಾರ. ಇಂಗ್ಲಿಷಿಗೆ ಹಿತವಾದ ಗಾತ್ರದಲ್ಲಿ ಈ ಒತ್ತುಗಳು ಇರುವೆಯ ಕಾಲುಗಳಂತೆ ಕಾಣುತ್ತವೆ. ಕಿಟಕಿಯ ತಲೆಪಟ್ಟಿ ಸಪುರವಾಗಿದ್ದರಂತೂ ಕಾಲುಗಳೇ ಕತ್ತರಿಸಿಹೋಗುತ್ತವೆ. ಅಕ್ಷರದ ಪ್ರಮಾಣವನ್ನು ಒಂದರಿಂದ ಒಂದೂಕಾಲಕ್ಕೆ ಏರಿಸುವ ಒಂದು ಅಳತೆ ಅಲ್ಲಿ ಉಂಟು. ರೇಡಿಯೋದ ಗುಂಡಿಯನ್ನು ತಿರುಗಿಸಿದಷ್ಟೇ ಕೆಲಸ. ತಲೆಪಟ್ಟಿಯನ್ನು ಅಗಲವಾಗಿಸಲು ಬೇರೊಂದು ವೇಷವನ್ನು ಆರಿಸಿಕೊಂಡರೆ ಆಯಿತು.

ಬಳಿಕ ಅಚ್ಚಿನ ಬಗೆ. ೧೮೪೩ರಲ್ಲಿ ಮೋಗ್ಲಿಂಗರು ಇದೇ ಊರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಾಗ ಓದುಗರಿಗೆ ಅಕ್ಷರವನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ, ಮುದ್ರಣಾಲಯ ಕೊಟ್ಟದ್ದನ್ನು ಓದಬೇಕು. ಈಗ ಲಿನಕ್ಸಿನಲ್ಲಿ ಬೆಲೆಯಿಲ್ಲದೆ ಸಿಗುವ ಕನ್ನಡ ಅಚ್ಚುಗಳ ಹೆಸರು ಕೇಳಿ: ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು, ಲೋಹಿತ, ನೋಟೊ. ನಾನು ಓದುವುದಕ್ಕೆ ಗುಬ್ಬಿಯನ್ನು ಇಟ್ಟುಕೊಂಡಿದ್ದೇನೆ. ನವಿಲು ಕೈಬರಹದಂತಿದ್ದು ಮದುವೆಯ ಕಾಗದಕ್ಕೆ ಚೆಂದ, ಅಂಕಪಟ್ಟಿಗೆ ಸಲ್ಲದು.

ಕೀಲಿಮಣೆಯ ವಿಷಯದಲ್ಲಿ ನಮ್ಮ ನೆರೆಯವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಮಂಗಳೂರಿಗೆ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಕ್ಕೆ ಅನುಸಾರವಾಗಿ ಬೆರಳಿಗೆ ತಂದವರು. ಕೆ ಒತ್ತಿದರೆ ಕಕಾರ, ಅದರ ಮೇಲೆ ಐ ಒತ್ತಿದರೆ ಕಿ, ಒತ್ತಕ್ಷರ ಬೇಕಾದರೆ ನಡುವೆ ಎಫ್. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ನಮ್ಮ ಜಿಲ್ಲೆಯ ಮಹಾಪಂಡಿತರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಸರಕಾರದ ನುಡಿ ತಂತ್ರಾಂಶದಲ್ಲಿರುವ ವಿನ್ಯಾಸಕ್ಕೆ ಅದೇ ಮೂಲ. ಲಿನಕ್ಸಿನಲ್ಲಿ ಕೀಲಿಮಣೆಗಳ ಪಟ್ಟಿಯನ್ನು ಬಿಡಿಸಿದರೆ ಕನ್ನಡದ ಕೆಳಗೆ ‘ಕಗಪ’ ಎಂದು ಅದು ಸಿದ್ಧವಾಗಿಯೇ ಇರುತ್ತದೆ.

ಇಲ್ಲಿ ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ನನಗೆ ಪಾಠ ಹೇಳಿದ ಪಂಡಿತರೊಬ್ಬರು ತೀರಿಕೊಳ್ಳುವ ಮೊದಲು ಹಳಗನ್ನಡ ಶಬ್ದಗಳ ಟಿಪ್ಪಣಿಯ ನಾಲ್ಕು ಪುಸ್ತಕಗಳನ್ನು ನನ್ನ ಕೈಯಲ್ಲಿ ಇಟ್ಟಿದ್ದರು. ಕರಾವಳಿಯ ಮಳೆಗಾಲ ಕಾಗದವನ್ನು ಬಿಡುವುದಿಲ್ಲ. ಒಂದು ಪುಸ್ತಕದ ಅಂಚು ಆಗಲೇ ಪುಡಿಯಾಗುತ್ತಿತ್ತು. ಅದನ್ನು ಬೆರಳಚ್ಚು ಮಾಡಲು ಹೊರಟರೆ ಹೆಜ್ಜೆಹೆಜ್ಜೆಗೂ ಬೇಕಾಗುವುದು ಱ ಮತ್ತು ೞ. ಇಂದಿನ ಪತ್ರಿಕೆಗೆ ಬೇಡವಾದ ಈ ಎರಡು ಅಕ್ಷರಗಳು ಕೇಶಿರಾಜನಿಗೆ ಬೇಕು, ನನಗೂ ಬೇಕು. ಶಿಷ್ಯ ಏನು ಮಾಡಿದನೆಂದರೆ, ನನ್ನ ಹೆಸರಿನ ಕೋಣೆಯಲ್ಲಿ ಚುಕ್ಕೆಯಿಂದ ಆರಂಭವಾಗುವ ಒಂದು ಸಣ್ಣ ಕಡತವನ್ನು ತೆರೆದು ಎರಡೇ ಸಾಲು ಬರೆದ. ಈಗ ಬಲಗಡೆಯ ಒಂದು ಕೀಲಿಯನ್ನು ಒತ್ತಿ ಆರ್ ಅನ್ನು ಎರಡು ಸಲ ಮುಟ್ಟಿದರೆ ಱ, ಎಲ್ ಅನ್ನು ಎರಡು ಸಲ ಮುಟ್ಟಿದರೆ ೞ. ಒಂದೂವರೆ ಪುಸ್ತಕ ಮುಗಿದಿದೆ.

ಚುಕ್ಕೆಯಿಂದ ಆರಂಭವಾಗುವ ಕಡತ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅಟ್ಟದ ಮೇಲಿನ ಪಾತ್ರೆಯಂತೆ. ಬಹಳಷ್ಟು ಅಳವಡಿಕೆಗಳು ಇಂತಹ ಕಡತಗಳಲ್ಲಿ, ಆಯಾ ಬಳಕೆದಾರನ ಕೋಣೆಯಲ್ಲಿಯೇ ಇರುತ್ತವೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

‘ಕಡತ’ ಎಂದೆನಷ್ಟೆ. ಲಿನಕ್ಸಿನ ತೆರೆಯ ಮಾತುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರು ಫೈಲಿಗೆ ಇಟ್ಟ ಹೆಸರು ಅದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕರಿಯ ಪುಸ್ತಕಕ್ಕೆ ನಮ್ಮ ಹಿರಿಯರು ಕಡತವೆನ್ನುತ್ತಿದ್ದರು. ಎಂತಹ ಒಳ್ಳೆಯ ಆಯ್ಕೆ! ಎಲ್ಲ ಅನುವಾದವೂ ಇಷ್ಟು ಚೆನ್ನಾಗಿದೆ ಎನ್ನಲಾರೆ. ಒಂದು ಮೆನುವಿನಲ್ಲಿ ಮೂರು ಮಾತು ಕನ್ನಡ, ನಾಲ್ಕನೆಯದು ಇಂಗ್ಲಿಷ್. ಐದನೆಯದು ಸಂಸ್ಕೃತದ ಸಮಾಸವಾಗಿ ಪಟ್ಟಿಯನ್ನೇ ಮೀರಿ ಹರಿಯುತ್ತದೆ. ಸಂಬಳವಿಲ್ಲದೆ ಮಾಡಿದವರನ್ನು ದೂರುವುದು ನ್ಯಾಯವಲ್ಲ. ತಿದ್ದುವುದಕ್ಕೆ ನಮ್ಮಂಥ ಪಂಡಿತರಿಗೂ ಅಲ್ಲಿ ಬಾಗಿಲು ತೆರೆದೇ ಇದೆ, ಹೋದವರು ಕಡಮೆ. ನೆರೆಯ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಈ ವಿಷಯದಲ್ಲಿ ನಮಗಿಂತ ಮುಂದೆ. ಕೇರಳದಲ್ಲಿ ೨೦೦೧ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂದು ಆರಂಭವಾಗಿ ೨೦೧೭ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾದ ಯೋಜನೆ ಶಾಲೆಗಳಿಗೆ ಕೊಡುವುದು ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ ವ್ಯವಸ್ಥೆಯನ್ನೇ. ಚಂದ್ರಗಿರಿಯ ಈಚೆಯ ಹುಡುಗರಿಗೆ ಇದೇನೂ ವಿಶೇಷವಲ್ಲ.

ಇನ್ನು ನನ್ನ ಅವಿವೇಕದ ಕಥೆ. ಕ್ರಿಸ್ಮಸ್ ರಜೆಯಲ್ಲಿ ಮನೆಯ ಯಂತ್ರಕ್ಕೂ ಇದನ್ನೇ ಹಾಕಿಸಿಕೊಂಡು, ಅಲಂಕಾರದ ಹುಚ್ಚಿಗೆ ಬಿದ್ದೆ. ಕಿಟಕಿಗಳನ್ನು ಎಳೆದರೆ ಹಲಸಿನ ಹಲ್ವದಂತೆ ಬಳುಕುವಂತೆ ಮಾಡಿದೆ. ಪಟ್ಟಿಯನ್ನು ಮೇಲಕ್ಕೆ ಒಯ್ದೆ, ಎಡಕ್ಕೆ ತಂದೆ, ಗಡಿಯಾರಕ್ಕೆ ಮೂರು ಬಣ್ಣ ಹಚ್ಚಿದೆ. ಹುಡುಗರು ರಾತ್ರಿಯಿಡೀ ಕುಳಿತು ತೆರೆಯನ್ನು ಸಿಂಗರಿಸುತ್ತಾರೆ, ಆ ಸಿಂಗಾರದ ಮೇಲೆ ಒಂದು ಸಾಲೂ ಬರೆಯುವುದಿಲ್ಲ ಎಂದು ಬೈಯುತ್ತಿದ್ದವನು ನಾನೇ. ಅಂಕಗಳನ್ನು ಕಳುಹಿಸಬೇಕಾಗಿದ್ದ ದಿನ ಬೆಳಿಗ್ಗೆ ನೋಡುತ್ತೇನೆ, ಪಟ್ಟಿಯೇ ಇಲ್ಲ! ಮೆನು ಇಲ್ಲ, ಗಡಿಯಾರ ಇಲ್ಲ. ಬೋಳು ತೆರೆಯ ಮೇಲೆ ಸೋಮೇಶ್ವರ ಕಡಲತೀರದ ಚಿತ್ರವೊಂದೇ. ಹಿಂದಿನ ರಾತ್ರಿ ಪಟ್ಟಿಯನ್ನು ತೆಗೆದುಹಾಕಿದವನು ನಾನು, ಮರೆತವನೂ ನಾನು. ಶಿಷ್ಯನಿಗೆ ಫೋನು ಮಾಡಿದೆ.

“ಹೆದರಬೇಡಿ ಮಾಷ್ಟ್ರೇ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ” ಎಂದ. ಒತ್ತಿದೆ, ಕಪ್ಪು ಕಿಟಕಿ ತೆರೆಯಿತು. ವೇಷ ಹೋಗಿ ತಾಳಮದ್ದಳೆ ಉಳಿದಿತ್ತು! ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಬರೆದೆ. ಡಿಕಾನ್ಫ್ ಎಂಬ ಕಣಜದಿಂದ ಸಿನಮನ್ನಿನ ಅಳವಡಿಕೆಗಳನ್ನೆಲ್ಲ ಅಳಿಸಿ ಮೊದಲಿನಂತೆ ಮಾಡು ಎಂಬ ಒಂದೇ ಸಾಲಿನ ಅಪ್ಪಣೆ ಅದು. ಪಟ್ಟಿ ಬಂತು. ಹಲ್ವ, ಬಣ್ಣದ ಗಡಿಯಾರ ಎಲ್ಲ ಹೋದವು. ಅಂಕಪಟ್ಟಿಗೂ ಪಂಡಿತರ ಟಿಪ್ಪಣಿಗೂ ಕೂದಲು ಕೊಂಕಿರಲಿಲ್ಲ. ಅವು ಇರುವ ಜಾಗವೇ ಬೇರೆ. ಆ ದಿನದಿಂದ ನಾನು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತೇನೆ, ಮಾಡಿದ್ದನ್ನು ಡೈರಿಯಲ್ಲಿ ಬರೆದಿಡುತ್ತೇನೆ.

ಈ ಅನುಭವ ಉಪಯೋಗಕ್ಕೆ ಬಂದದ್ದು ಜನವರಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿ ಹುಟ್ಟಿನಿಂದಲೇ ದೃಷ್ಟಿ ಮಂದವಾದ ಒಬ್ಬ ಹುಡುಗಿ ಇದ್ದಳು. ಕಂಪ್ಯೂಟರಿನ ಪೀರಿಯಡ್ಡಿನಲ್ಲಿ ಅವಳು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಉಳಿದವರ ಚೀಲ ಕಾಯುತ್ತಿದ್ದಳು. ಎರಡು ವರ್ಷದಿಂದ ಹಾಗೆಯೇ. ನಾನೂ ನೋಡಿದ್ದೆ, ನೋಡಿ ಸುಮ್ಮನಿದ್ದೆ. ಒಂದು ದಿನ ಕರೆದು ಕೂರಿಸಿದೆ. “ಬೆಳ್ಳಗೆ ಉರಿಯುತ್ತದೆ ಸರ್, ಏನೂ ಗೊತ್ತಾಗುವುದಿಲ್ಲ” ಎಂದಳು. ಬಿಳಿಯ ನೆಲವನ್ನು ಕಪ್ಪು ಮಾಡಿ ಅಕ್ಷರವನ್ನು ಬಿಳಿಯಾಗಿಸಿದೆ. ಗಾತ್ರವನ್ನು ಒಂದೂವರೆಗೆ ಏರಿಸಿದೆ, ಬಾಣದ ಗುರುತನ್ನು ಹಿರಿದು ಮಾಡಿದೆ. ಆಲ್ಟ್ ಹಿಡಿದುಕೊಂಡು ಮೌಸಿನ ಚಕ್ರವನ್ನು ತಿರುಗಿಸಿದರೆ ಇಡೀ ತೆರೆ ಹಿಗ್ಗುವಂತೆ ಇಟ್ಟೆ. ಹತ್ತು ನಿಮಿಷದ ಕೆಲಸ. ಅವಳು ಮೂಗನ್ನು ತೆರೆಯ ಹತ್ತಿರ ತಂದು ಓದಿದ ಮೊದಲ ಮಾತು, ‘ಕಡತ’.

ಕೂಡಲೇ ತಕರಾರು ಎದ್ದಿತು. ಮುಂದಿನ ತಂಡದ ಹುಡುಗ ಬಂದು, “ಇದು ಯಾರು ಸರ್ ಹಾಳು ಮಾಡಿದ್ದು?” ಎಂದ. ಎಲ್ಲರೂ ಒಂದೇ ಹೆಸರಿನಿಂದ ಒಳಗೆ ಹೋಗುತ್ತಿದ್ದದ್ದು ತಪ್ಪಾಗಿತ್ತು. ಅವಳಿಗೆ ಬೇರೆ ಹೆಸರು, ಬೇರೆ ಗುಪ್ತಪದ ಕೊಟ್ಟೆವು. ಅವಳು ಹೊಕ್ಕರೆ ಕಪ್ಪು ನೆಲ, ಅವನು ಹೊಕ್ಕರೆ ಬಿಳಿಯ ನೆಲ. ಆದರೆ ಕೋಣೆ ಇರುವುದು ಆ ಒಂದು ಯಂತ್ರದಲ್ಲಿ ಮಾತ್ರ. ಅದು ಕೆಟ್ಟ ದಿನ ಅವಳು ಮತ್ತೆ ಬೆಂಚಿಗೆ ಹೋದಳು. ಅಂದು ಸಂಜೆ ಶಿಷ್ಯ ಫೋನಿನಲ್ಲಿ ಇನ್ನೊಂದು ಸಾಲನ್ನು ಹೇಳಿಕೊಟ್ಟ. ಅಳಿಸುವ ಬದಲು, ಇದ್ದ ಅಳವಡಿಕೆಗಳನ್ನೆಲ್ಲ ಒಂದು ಸಣ್ಣ ಕಡತವಾಗಿ ಹೊರಗೆ ಬರೆಯುವ ಅಪ್ಪಣೆ. ಅದನ್ನು ಪೆನ್ ಡ್ರೈವಿಗೆ ಹಾಕಿ, ಉಳಿದ ಐದರಲ್ಲಿಯೂ ಅವಳ ಹೆಸರು ತೆರೆದು ಒಳಗೆ ಇಳಿಸಿದೆವು.

ಜೂನಿನಲ್ಲಿ ಅವಳು ಹತ್ತಕ್ಕೆ ಬಂದಳು. ಪೆನ್ ಡ್ರೈವ್ ಕಂಪಾಸು ಪೆಟ್ಟಿಗೆಯಲ್ಲಿ ಇರುತ್ತದೆ. ಹಿನ್ನೆಲೆಯ ಚಿತ್ರವನ್ನು ಅವಳೇ ತೆಗೆದುಹಾಕಿದ್ದಾಳೆ. ಬಾಣದ ಗುರುತನ್ನು ನಾನು ಇಟ್ಟದ್ದಕ್ಕಿಂತ ಚಿಕ್ಕದು ಮಾಡಿಕೊಂಡಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ, ನೀವು ಇಟ್ಟದ್ದು ಅಕ್ಷರವನ್ನೇ ಮುಚ್ಚುತ್ತಿತ್ತು ಸರ್, ಎಂದಳು. ಬಾಗಿಲ ಬಳಿಯ ಬೆಂಚಿನಲ್ಲಿ ಈಗ ಚೀಲಗಳು ಮಾತ್ರ ಇರುತ್ತವೆ.