ಹೆಂಚು ಹಾರಿದ ಮನೆಗೆ ಮೇಸ್ತ್ರಿಯನ್ನು ಕರೆಯುವ ಮುನ್ನ



ಗಾಳಿಮಳೆಗೆ ಹೆಂಚು ಹಾರಿದ ಮರುದಿನವೇ ಊರಿಗೆ ಅಪರಿಚಿತ ಮೇಸ್ತ್ರಿಗಳು ಬರುತ್ತಾರೆ. ‘ಇಂದು ಮುಂಗಡ ಕೊಟ್ಟರೆ ನಾಳೆಯೇ ಕೆಲಸ’ ಎನ್ನುತ್ತಾರೆ. ಆತನ ಊರು ಯಾವುದು, ಹೋದ ವರ್ಷ ಯಾರ ಮನೆಯ ಮಾಡು ಕಟ್ಟಿದ ಎಂದು ಕೇಳಿರಿ. ಆ ಮನೆಗೆ ನೀವೇ ಹೋಗಿರಿ. ಯಜಮಾನರ ಮಾತು ಕೇಳಿದರೆ ಸಾಲದು. ಒಳಗೆ ನಿಂತು ತಲೆಯೆತ್ತಿ ನೋಡಿರಿ. ರೀಪುಗಳ ಅಂತರ ಒಂದೇ ಸಮನಾಗಿಲ್ಲದಿದ್ದರೆ ಮಂಗಳೂರು ಹೆಂಚು ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ. ಸಂದಿನಲ್ಲಿ ಬೆಳಕು ಕಾಣುತ್ತದೆ. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಅಡಿಗೆಮನೆ ಸೋರುತ್ತದೆಯೇ ಎಂದು ಹೆಂಗಸರನ್ನು ಕೇಳಿರಿ, ಅವರು ಮುಚ್ಚಿಡುವುದಿಲ್ಲ.

ನಾನು ಬೇಸಾಯ ಕಲಿತವನು, ಮಾಡು ಕಟ್ಟುವವನಲ್ಲ. ಆದರೆ 2019ರ ಮಳೆಗಾಲದಲ್ಲಿ ನನ್ನ ತಂದೆಯವರೇ ಇಂಥ ಒಬ್ಬನಿಗೆ ಪೂರ್ತಿ ಹಣ ಕೊಟ್ಟರು. ಮಾಡನ್ನು ಅರ್ಧ ತೆರೆದಿಟ್ಟು ಹೋದವನು ಮರಳಲಿಲ್ಲ. ಕೆಳಗಿದ್ದ ಬಿತ್ತನೆಯ ಬತ್ತ ಮುಡಿಯಲ್ಲೇ ಮೊಳೆಯಿತು.

ಆದ್ದರಿಂದ ಹೆಂಚಿನ ಲೆಕ್ಕ, ಕೂಲಿ, ಮುಗಿಸುವ ದಿನ ಇವನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿರಿ. ಹೆಂಚು, ರೀಪು ನೀವೇ ತನ್ನಿರಿ. ಕೆಲಸ ನಡೆದಂತೆ ಹಣ ಕೊಡಿರಿ. ಕೊನೆಯ ಕಂತು ಒಂದು ಜೋರು ಮಳೆ ಬಿದ್ದ ಮೇಲೆ. ಪರಿಹಾರಕ್ಕೆ ಅರ್ಜಿ ಹಾಕುವವರು, ಕಂದಾಯ ಇಲಾಖೆಯವರು ಹಾನಿಯನ್ನು ನೋಡಿ ಬರೆದುಕೊಳ್ಳುವವರೆಗೆ ಒಡೆದ ಹೆಂಚನ್ನು ಎಸೆಯಬೇಡಿರಿ.