ಅಣಬೆ ಬೇಯಿಸುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಅಡುಗೆಮನೆಯಲ್ಲಿ ಅಣಬೆಗೆ ಸ್ಥಾನ ಕಡಿಮೆ. ಇದು ಮಳೆ ಕಡಿಮೆಯ ಎರೆನೆಲ. ತಿಪ್ಪೆಯ ಮೇಲೆ ಬೆಳಿಗ್ಗೆ ಎದ್ದ ನಾಯಿಕೊಡೆ ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ. ಇಂಥ ಊರುಗಳ ಶ್ರೋತೃಗಳಿಗೆ ಫ್ರೆಂಚರ ಅಣಬೆ ಅಡುಗೆಯ ಮಾತೇಕೆ? ಕಾರಣವಿದೆ. ಇಲ್ಲಿಂದ ದುಡಿಯಲು ಗೋವೆಗೆ, ಮಂಗಳೂರಿಗೆ ಹೋಗುವವರು ಬಹಳ. ಅಲ್ಲಿ ಮುಂಗಾರು ಹಿಡಿಯಿತೆಂದರೆ ಅಣಬೆ ಕಣ್ಣಿಗೆ ಬೀಳದೆ ಇರದು. ಅದನ್ನು ಕಿತ್ತು ಬೇಯಿಸುವುದೋ ಬಿಡುವುದೋ ಎಂಬುದು ಜೀವದ ಪ್ರಶ್ನೆ.

ಫ್ರೆಂಚರ ಕ್ರಮ ಸರಳ. ಸೆಪ್, ಜಿರೋಲ್, ಮೊರಿಯ್ ಅವರು ಮೆಚ್ಚುವ ಕಾಡಿನ ಅಣಬೆಗಳು. ಸೆಪ್‌ನಂಥವನ್ನು ನೀರಿನಲ್ಲಿ ನೆನೆಸುವುದಿಲ್ಲ. ಒದ್ದೆ ಬಟ್ಟೆಯಿಂದ ಮಣ್ಣು ಒರೆಸುತ್ತಾರೆ. ಅಣಬೆಯ ತೂಕದಲ್ಲಿ ಸುಮಾರು ಶೇ 90ರಷ್ಟು ನೀರೇ. ಅಗಲವಾದ ಬಾಣಲೆಯಲ್ಲಿ, ದೊಡ್ಡ ಉರಿಯಲ್ಲಿ, ಒತ್ತಾಗದಂತೆ ಹರಡಿ ಆ ನೀರನ್ನು ಮೊದಲು ಇಂಗಿಸಬೇಕು. ಇಲ್ಲವಾದರೆ ಅದು ಹುರಿಯುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ಆಮೇಲೆ ಬೆಣ್ಣೆ, ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿಯನ್ನು ಹೋಲುವ ಪಾರ್ಸ್ಲಿ ಸೊಪ್ಪು. ಬೋರ್ಡೊ ಸೀಮೆಯಲ್ಲಿ ಬೆಣ್ಣೆಗೆ ಬದಲು ಎಣ್ಣೆ ಬಳಸುವುದುಂಟು. ಮೊರಿಯ್ ಅಣಬೆಯನ್ನು ಮಾತ್ರ ಹಸಿಯಾಗಿ ತಿನ್ನಲೇಬಾರದು. ಚೆನ್ನಾಗಿ ಬೇಯಿಸಿ ಕೆನೆ ಬೆರೆಸುತ್ತಾರೆ.

ಆದರೆ ಅಡುಗೆಯ ಮೊದಲ ಪಾಠ ಒಲೆಯ ಮುಂದೆ ನಡೆಯುವುದಿಲ್ಲ. ಅದು ಗುರುತಿನ ಪಾಠ. ಅಮಾನಿಟ ಫ್ಯಾಲಾಯ್ಡಿಸ್ ಎಂಬ ಅಣಬೆಯ ವಿಷ ಕುದಿಸಿದರೂ ಹುರಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದು 6 ಗಂಟೆ, ಕೆಲವೊಮ್ಮೆ 12 ಗಂಟೆಗೂ ಮೀರಿದ ಮೇಲೆ ವಾಂತಿಭೇದಿ ಶುರುವಾಗುತ್ತದೆ. ನಡುವೆ ತುಸು ಗುಣವಾದಂತೆ ಕಂಡು, ನಂತರ ಯಕೃತ್ತು ಕೆಡುತ್ತದೆ. ಆದ್ದರಿಂದ ಫ್ರಾನ್ಸಿನಲ್ಲಿ ಔಷಧಶಾಸ್ತ್ರದ ವಿದ್ಯಾರ್ಥಿಗಳಿಗೆ ಅಣಬೆಯ ಗುರುತನ್ನೂ ಕಲಿಸುತ್ತಾರೆ. ಕಾಡಿನಿಂದ ಬಂದವರು ಬುಟ್ಟಿಯನ್ನು ಔಷಧದಂಗಡಿಗೆ ಒಯ್ದು ತೋರಿಸುವ ರೂಢಿ ಬೆಳೆದದ್ದು ಹೀಗೆ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದದ್ದನ್ನು ಮನುಷ್ಯ ತಿನ್ನಬಹುದು ಎಂಬ ಮಾತುಗಳೆಲ್ಲ ಸುಳ್ಳು.

ನಮ್ಮಲ್ಲಿಯೂ ಬಲ್ಲವರಿದ್ದಾರೆ. ಗೆದ್ದಲು ತನ್ನ ಹುತ್ತದೊಳಗೆ ಸಾಕುವ ಶಿಲೀಂಧ್ರ ಮಳೆಗಾಲದಲ್ಲಿ ಅಣಬೆಯಾಗಿ ಮೇಲೇಳುತ್ತದೆ. ಮಲೆನಾಡಿನವರು ಅದು ಏಳುವ ಜಾಗವನ್ನು ವರ್ಷವರ್ಷವೂ ನೆನಪಿಟ್ಟಿರುತ್ತಾರೆ. ಕೊಡವರು ಅಣಬೆಗೆ ಕುಮ್ಮು ಎನ್ನುತ್ತಾರೆ. ಕರಾವಳಿಯವರು ಮೊದಲ ಮಳೆಗೆ ಮಣ್ಣಿನಡಿ ಉಂಡೆಯಂತೆ ಮೂಡುವ ಕಲ್ಲಣಬೆಯನ್ನು, ಒಳಗೆ ಇನ್ನೂ ಬಿಳಿಯಾಗಿರುವಾಗಲೇ ಹೆಕ್ಕುತ್ತಾರೆ. ಈ ಜ್ಞಾನ ಆಯಾ ನೆಲಕ್ಕೆ ಅಂಟಿದ್ದು. ಹೊಸಬರ ಕಣ್ಣಿಗೆ ಒಂದೇ ದಿನದಲ್ಲಿ ಬರುವಂಥದ್ದಲ್ಲ.

ಇದು ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಹೊಲದ ಸಾಲಿನ ನಡುವೆ ಕಸದೊಳಗಿನಿಂದ ಹತ್ತರಕಿ ಪಲ್ಯವನ್ನು ಆರಿಸುವುದು ಅವರಿಗೆ ಗೊತ್ತು. ಅವರು ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ಅವ್ವನ ಜೊತೆ, ಆಯಿಯ ಜೊತೆ ಬಗ್ಗಿ ಕಿತ್ತು. ಮಲೆನಾಡಿನವರು ಇಲ್ಲಿಗೆ ಬಂದರೆ ಹತ್ತರಕಿಯ ಮುಂದೆ ಅವರೇ ಹೊಸಬರು. ಅಲ್ಲಿಗೆ ಹೋದ ನಮ್ಮವರು ಅಣಬೆಯ ಮುಂದೆ ಹೊಸಬರು. ಊರಿನ ಬಲ್ಲವರು ಕೈಗೆತ್ತಿಕೊಂಡು ನೋಡಿ ಹೂಂ ಎನ್ನದ ಅಣಬೆಯನ್ನು ಗಡಿಗೆಗೆ ಹಾಕಬಾರದು. ತಿಂದ ಮೇಲೆ ಅನುಮಾನ ಬಂದರೆ ವಾಂತಿಗಾಗಿ ಕಾಯದೆ, ಉಳಿದ ಅಣಬೆಯ ಸಮೇತ ಆಸ್ಪತ್ರೆಗೆ ಹೋಗಬೇಕು.

ರುಚಿಯ ಆಸೆಗೆ ಬೇರೆ ದಾರಿಯಿದೆ. ಹಾಲಣಬೆ 30 ಡಿಗ್ರಿ ಮೀರಿದ ಸೆಕೆಯಲ್ಲೂ ಬೆಳೆಯುವ ಬೇಸಾಯದ ಅಣಬೆ. ನೆರಳು, ತೇವ, ಶುದ್ಧಗೊಳಿಸಿದ ಹುಲ್ಲು ಒದಗಿಸಿದರೆ ಬಿಸಿಲುಸೀಮೆಗೂ ಒಗ್ಗುತ್ತದೆ. ಅದಕ್ಕೆ ಫ್ರೆಂಚರ ಕ್ರಮವನ್ನು ಧಾರಾಳವಾಗಿ ಎರವಲು ತರಬಹುದು: ಮೊದಲು ನೀರು ಇಂಗಿಸಿ, ಬಳಿಕ ಮನೆಯ ಬೆಣ್ಣೆ, ಬೆಳ್ಳುಳ್ಳಿ, ಕೊತ್ತಂಬರಿ. ಜೊತೆಗೆ ಬಿಸಿ ಜೋಳದ ರೊಟ್ಟಿ. ಅಡುಗೆಯ ಕ್ರಮ ದೇಶ ದಾಟಿ ಬರಬಲ್ಲದು. ಗುರುತನ್ನು ಮಾತ್ರ ಆಯಾ ನೆಲದವರಿಂದಲೇ ಕಲಿಯಬೇಕು.