ಸಣ್ಣಕ್ಷರದಲ್ಲಿ ಹೋಗುವ ಹಕ್ಕು, ಮೂವತ್ತು ದಿನದ ಗಡುವು



ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಮುದ್ರಣಾಲಯ ನಡೆಸುತ್ತಿರುವವನು. ಆದರೆ ಸಣ್ಣಕ್ಷರದ ಮಹಿಮೆ ನನಗೆ ಚೆನ್ನಾಗಿ ಗೊತ್ತು! ಬಿಲ್ ಪುಸ್ತಕ ಅಚ್ಚು ಹಾಕಿಸಲು ಬರುವ ವ್ಯಾಪಾರಿ ಅಂಗಡಿಯ ಹೆಸರನ್ನು ದಪ್ಪಕ್ಷರದಲ್ಲಿ ಕೇಳುತ್ತಾನೆ. ‘ವ್ಯಾಜ್ಯಗಳು ಬೆಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ’ ಎಂಬ ಸಾಲನ್ನು ಮಾತ್ರ ತಳದಲ್ಲಿ, ಆರು ಪಾಯಿಂಟಿನಲ್ಲಿ ಹಾಕಿಸುತ್ತಾನೆ. ವ್ಯಾಪಾರದ ಮಾತು ದಪ್ಪಕ್ಷರಕ್ಕೆ, ಜಗಳದ ಮಾತು ಸಣ್ಣಕ್ಷರಕ್ಕೆ. ಇದು ಹಳೆಯ ಪದ್ಧತಿ.

ಇಂದು ಅದೇ ಪದ್ಧತಿ ನಿಮ್ಮ ಜೇಬಿನ ಫೋನಿಗೆ ಬಂದು ಕೂತಿದೆ. ‘ಒಪ್ಪುತ್ತೇನೆ’ ಎಂಬ ಗುಂಡಿ ದಪ್ಪ. ಅದರ ಹಿಂದಿನ ಕರಾರು ಓದಿ ಮುಗಿಯದಷ್ಟು ಉದ್ದ. ವಾಟ್ಸಾಪ್, ಡಿಸ್ಕಾರ್ಡ್ ಕಂಪನಿಗಳು ಅಮೆರಿಕದಲ್ಲಿರುವ ಬಳಕೆದಾರರಿಗೆ ಒಡ್ಡುವ ಕರಾರಿನಲ್ಲಿ ಆರ್ಬಿಟ್ರೇಷನ್ ಎಂಬ ಕಲಮು ಇದೆ. ಅಂದರೆ ಏನು? ಕಂಪನಿಯೊಡನೆ ತಕರಾರು ಬಂದರೆ, ಸಣ್ಣಪುಟ್ಟ ದಾವೆ ಬಿಟ್ಟು, ಕೋರ್ಟಿಗೆ ಹೋಗುವಂತಿಲ್ಲ. ಜ್ಯೂರಿ ಇಲ್ಲ. ಖಾಸಗಿ ಪಂಚಾಯಿತಿದಾರ ಹೇಳಿದ್ದೇ ತೀರ್ಪು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮಂತೆಯೇ ಮೋಸಹೋದವರ ಜತೆ ಸೇರಿ ಸಾಮೂಹಿಕ ದಾವೆ ಹೂಡುವಂತಿಲ್ಲ!

ಅಮೆರಿಕದ ಕಥೆ ನಮಗೇಕೆ ಎನ್ನುತ್ತೀರಾ? ನಿಮ್ಮ ಅಕ್ಕ ಕ್ಯಾಲಿಫೋರ್ನಿಯಾದಲ್ಲಿರಬಹುದು, ಗೆಳೆಯ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿರಬಹುದು. ನಾಳೆ ನೀವೇ ವಿಮಾನ ಹತ್ತಬಹುದು.

ಒಂದು ಪ್ರಕರಣ ಕೇಳಿ. ಉಚಿತ ಎಂದು ಜಾಹೀರಾತು ಮಾಡಿದ ಫೋನುಗಳಿಗೆ ಮಾರಾಟ ತೆರಿಗೆಯೆಂದು 30 ಡಾಲರ್ 22 ಸೆಂಟ್ ವಸೂಲಿ ಮಾಡಿದರೆಂದು ಅಲ್ಲಿನ ದಂಪತಿ ಕೋರ್ಟಿಗೆ ಹೋದರು. ಅದು ಇತರ ಗಿರಾಕಿಗಳ ಪರವಾಗಿಯೂ ಹೂಡಿದ ದಾವೆಯಾಯಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಎಟಿ ಅಂಡ್ ಟಿ ಮೊಬಿಲಿಟಿಯ ಆ ಮೊಕದ್ದಮೆಯಲ್ಲಿ, ಐದು-ನಾಲ್ಕು ಬಹುಮತದಿಂದ ಕಂಪನಿಯ ಕರಾರನ್ನೇ ಎತ್ತಿಹಿಡಿಯಿತು. ಅದಕ್ಕೆ ಆಧಾರ 1925ರ ಕಾಯಿದೆ! ಯೋಚಿಸಿ: ಮೂವತ್ತು ಡಾಲರಿಗಾಗಿ ಒಬ್ಬಂಟಿಯಾಗಿ ವಕೀಲರನ್ನು ಹಿಡಿದು ಹೋರಾಡುವವರು ಎಷ್ಟು ಮಂದಿ? ಹನಿಹನಿ ಕೂಡಿ ಹಳ್ಳವಾಗುವುದು ಕಂಪನಿಯ ಗಲ್ಲಾಪೆಟ್ಟಿಗೆಗೆ ಮಾತ್ರ. ಜನ ಕೂಡಿದರೆ ತಪ್ಪು!

ಆದರೆ ಗೆಳೆಯರೇ, ಈ ಬೋನಿಗೆ ಒಂದು ಹಿಂಬಾಗಿಲಿದೆ. ಅದೂ ಸಣ್ಣಕ್ಷರದಲ್ಲೇ ಇದೆ! ಡಿಸ್ಕಾರ್ಡ್ 2024ರ ಏಪ್ರಿಲ್ 15ರಿಂದ ಜಾರಿಗೆ ತಂದ ಕರಾರಿನಲ್ಲಿ, ಮೂವತ್ತು ದಿನದೊಳಗೆ ಒಂದು ಇಮೇಲ್ ಬರೆದು ಈ ಕಲಮನ್ನು ನಿರಾಕರಿಸುವ ಅವಕಾಶ ಕೊಟ್ಟಿತು. ಹೊಸದಾಗಿ ಖಾತೆ ತೆರೆದವರಿಗೆ ಗಡುವು ಅಂದಿನಿಂದ ಶುರು. ವಾಟ್ಸಾಪ್‌ನ 2021ರ ಕರಾರು ಅಮೆರಿಕ, ಕೆನಡಾ ಬಳಕೆದಾರರಿಗೆ ಅದೇ ಮೂವತ್ತು ದಿನ ಕೊಟ್ಟಿತು. ಆದರೆ ಕಾಗದ ಬರೆದು ಮೆನ್ಲೊ ಪಾರ್ಕಿನ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು! ಜಗತ್ತಿಗೆಲ್ಲ ಕ್ಷಣದಲ್ಲಿ ಸಂದೇಶ ಮುಟ್ಟಿಸುವ ಕಂಪನಿಗೆ ನಿಮ್ಮ ‘ಬೇಡ’ ಮಾತ್ರ ಅಂಚೆಯಣ್ಣನ ಕೈಯಲ್ಲೇ ಮುಟ್ಟಬೇಕಂತೆ!

ಕಾಗದಕ್ಕೆ ಪಾಂಡಿತ್ಯ ಬೇಡ. ಹೆಸರು, ಮನೆ ವಿಳಾಸ, ಖಾತೆಯ ಫೋನ್ ನಂಬರು, ‘ಆರ್ಬಿಟ್ರೇಷನ್ ಕಲಮಿಗೆ ನನ್ನ ಒಪ್ಪಿಗೆ ಇಲ್ಲ’ ಎಂಬ ಸ್ಪಷ್ಟವಾದ ಒಂದು ಸಾಲು ಸಾಕು. ಪ್ರತಿಯನ್ನೂ ಅಂಚೆ ರಸೀದಿಯನ್ನೂ ಜೋಪಾನ ಮಾಡಿ. ಕೇಸು ಹಾಕುತ್ತೀರೋ ಬಿಡುತ್ತೀರೋ, ಕೋರ್ಟಿನ ಬಾಗಿಲು ತೆರೆದಿರಲಿ. ಷರತ್ತು ಬದಲಾಗಿದೆ ಎಂಬ ಸೂಚನೆ ಬಂದಾಗಲೆಲ್ಲ ಆ ಭಾಗವನ್ನು ಹುಡುಕಿ ಓದಿ.

ಇನ್ನು ನಮ್ಮ ನಾಡಿನ ಮಾತು. ಹಣ ಕೊಟ್ಟು ಕೊಂಡ ಸರಕು, ಸೇವೆಗಳ ವಿಷಯದಲ್ಲಿ ನಮ್ಮ ಕಾನೂನು ಗ್ರಾಹಕನ ಕೈಬಿಟ್ಟಿಲ್ಲ. ಆರ್ಬಿಟ್ರೇಷನ್ ಕಲಮು ಇದ್ದ ಮಾತ್ರಕ್ಕೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಎಂಬ ನಿಲುವನ್ನು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು ಎನ್ನುತ್ತದೆ. ಒಂದೇ ಬಗೆಯ ಅನ್ಯಾಯಕ್ಕೆ ಒಳಗಾದ ಹಲವರ ಪರವಾಗಿ, ಆಯೋಗದ ಅನುಮತಿ ಪಡೆದು, ಒಬ್ಬರೇ ದೂರು ಸಲ್ಲಿಸಲೂಬಹುದು. ಆದ್ದರಿಂದ ಯಾರಾದರೂ ಸಣ್ಣಕ್ಷರ ತೋರಿಸಿ ‘ಕೋರ್ಟಿಗೆ ಹೋಗುವಂತಿಲ್ಲ’ ಎಂದು ಬೆದರಿಸಿದರೆ ಬೆದರಬೇಡಿ.

ದೂರದೂರಿನಲ್ಲಿರುವ ನಿಮ್ಮವರಿಗೆ ಈ ಮೂವತ್ತು ದಿನದ ಲೆಕ್ಕವನ್ನು ಇಂದೇ ತಿಳಿಸಿ. ಬೆರಳಿನಿಂದ ಒಪ್ಪಿದ್ದನ್ನು ಲೇಖನಿಯಿಂದ ನಿರಾಕರಿಸುವ ಹಕ್ಕು ಅವರಿಗಿದೆ. ಗಡುವು ಮೀರಿದರೆ ಅದೂ ಇಲ್ಲ!